ಸಹಿ ಆದ ಮೇಲೆ ಗೆರೆ ಬದಲಾಗಬಾರದು

ಮನೆ ಕಟ್ಟಿಸುವವರಿಗೆ ತಮಗೆ ಏನು ಬೇಕೆಂಬುದು ಗೋಡೆ ಎದ್ದ ಮೇಲೆಯೇ ತಿಳಿಯುತ್ತದೆ. ಹೀಗಾಗಿ ನನ್ನ ಕಸುಬಿನಲ್ಲಿ ಇಂಥ ಫಜೀತಿಗಳಿಗೆ ಯಾವತ್ತೂ ಬರ ಬಿದ್ದದ್ದಿಲ್ಲ. ಆಗ ನಾನು ಒಬ್ಬ ಗುತ್ತಿಗೆದಾರರ ಹತ್ತಿರ ನಕಾಶೆ ತೆಗೆಯುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಿರುಗಿ, ಮನೆ ಯಜಮಾನರಿಗೆ ಏನೇನು ಬೇಕೆಂದು ಕೇಳಿ ಬರೆದುಕೊಂಡು, ನಕಾಶೆ ಮಾಡಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಬರುವುದು ನನ್ನ ಕೆಲಸ. ಒಮ್ಮೆ ಒಂದೇ ಗೋಡೆಯನ್ನು ಎರಡು ಸಲ ಒಡೆದು ಕಟ್ಟಬೇಕಾಯಿತು. ಗುತ್ತಿಗೆದಾರರು ಸಿಟ್ಟಿಗೆದ್ದು, “ಇನ್ನ ಮ್ಯಾಲ ಸಹಿ ಆದ ನಕಾಶ್ಯಾಗ ಒಂದು ಗೆರಿ ಬದಲಾತಂದ್ರ ನೀ ಮನಿಗಿ ಹೋಗು” ಎಂದುಬಿಟ್ಟರು. ನನಗೆ ಆಗಷ್ಟೇ ಮದುವೆಯಾಗಿತ್ತು. ಕೆಲಸ ಕಳೆದುಕೊಂಡು ಮಾವನ ಮನೆಯವರ ಮುಂದೆ ನಿಲ್ಲುವುದನ್ನು ನೆನೆಸಿಕೊಂಡರೇ ಹೆದರಿಕೆ. ಅಂದಿನಿಂದ ಯಜಮಾನರಿಗೆ ಕೇಳಬೇಕಾದ ಪ್ರಶ್ನೆಗಳದೊಂದು ಪಟ್ಟಿ ಮಾಡಿ ಕಿಸೆಯಲ್ಲಿ ಇಟ್ಟುಕೊಂಡೆ.

ಸುಣ್ಣದ ಗೆರೆ

ಇಂಡಿಯ ಒಬ್ಬ ಕಿರಾಣಿ ವ್ಯಾಪಾರಿ ಹನ್ನೆರಡು ಫೂಟಿನ ಮಲಗುವ ಖೋಲಿಗೆ ಒಪ್ಪಿ ಸಹಿ ಹಾಕಿದ್ದರು. ಬಯಲಿನಲ್ಲಿ ಸುಣ್ಣದ ಗೆರೆ ಎಳೆದಾಗ ಎಂಥ ಖೋಲಿಯಾದರೂ ಸಣ್ಣದೇ ಕಾಣುತ್ತದೆ. ಅವರು ನೋಡಿದವರೇ, “ಏನ್ರಿ ಇದು, ಕೋಳಿ ಗೂಡು ಕಟ್ಟಾಕತ್ತೀರೇನು? ಇನ್ನ ನಾಕು ಫೂಟು ಬಿಡಸ್ರಿ” ಎಂದು ಶುರು ಮಾಡಿದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅವರ ಮುದಿ ತಾಯಿ ಅಲ್ಲೇ ನಿಂತಿದ್ದರು. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದು ಗೆರೆಯೊಳಗೆ ಸಾಲಾಗಿ ಮಲಗಿಸಿದರು. ಒಂಬತ್ತು ಮಂದಿ ಹಿಡಿಸಿದರು. ವ್ಯಾಪಾರಿ, “ಅವ್ವಾ, ನನಗ ಜಾಗಾನ ಉಳೀಲಿಲ್ಲಲ್ಲ” ಎಂದರು.

“ನೀ ಹೆಂಗೂ ಅಂಗಡ್ಯಾಗ ಮಲಗಾಂವ. ಖೋಲಿ ಬರೋಬ್ಬರಿ ಐತಿ,” ಎಂದು ತಾಯಿ ಹಳೇ ಮನೆಯ ಕಡೆ ನಡೆದರು.

ಒಂದು ಗೇಣು

ಸಿಂದಗಿಯಲ್ಲಿ ಒಬ್ಬರಿಗೆ ನನ್ನ ಪಟ್ಟಿಯೇ ಬೇಕಾಗಲಿಲ್ಲ. “ನಮ್ಮ ಅಣ್ಣನ ಮನಿಗಿಂತ ಒಂದು ಗೇಣು ಎತ್ತರ ಇರ್ಬೇಕು. ಬಾಕಿದ್ದೆಲ್ಲ ನೀವ ನೋಡ್ಕೋರಿ” ಎಂದರು. ಅಷ್ಟು ಸುಲಭದ ಯಜಮಾನರು ನನಗೆ ಸಿಕ್ಕಿರಲೇ ಇಲ್ಲ. ಖುಷಿಯಿಂದ ಟೇಪು ತೆಗೆದು, “ಅಣ್ಣಾವ್ರ ಮನಿ ಎಲ್ಲೈತ್ರಿ, ಅಳಕೊಂಡು ಬರ್ತೇನಿ” ಎಂದೆ.

“ಅಂವ ಇನ್ನೂ ಕಟ್ಟಿಲ್ರಿ. ಮೊದಲ ನಂದು ಮುಗೀಲಿ ಅಂತ ಕುಂತಾನ.”

ಎತ್ತಿನ ರೂಢಿ

ಮುದ್ದೇಬಿಹಾಳದ ಒಕ್ಕಲಿಗರೊಬ್ಬರು ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದರು. ಹಳೆಯ ಮನೆಯಲ್ಲಿ ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ಈಗ ಸಾಲಿ ಮಾಸ್ತರ ಅಳಿಯ ಬಂದಿದ್ದರಿಂದ ಮುಂದೆ ಕುರ್ಚಿ ಹಾಕುವಂಥ ಪಡಸಾಲೆ ಬೇಕು, ದನ ಹಿಂದೆ ಹೋಗಬೇಕು ಎಂದರು. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿಯೇ ನಕಾಶೆ ಮಾಡಿದೆ. ಎತ್ತನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಮನೆ ಮುಗಿದ ಒಂದು ತಿಂಗಳಿಗೆ ಹೋಗಿ ನೋಡಿದರೆ ಪಡಸಾಲೆಯ ನಟ್ಟನಡುವೆ ಎತ್ತು ಮೆಲುಕು ಹಾಕುತ್ತ ನಿಂತಿದೆ. ಮಾವ, ಅಳಿಯ ಇಬ್ಬರೂ ಹಿಂದಿನ ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದಾರೆ. ನನ್ನ ಮುಖ ಬಿಳುಚಿದ್ದನ್ನು ಕಂಡು ಮಾವನೇ ಸಮಾಧಾನ ಹೇಳಿದರು.

“ಹೊಲದಿಂದ ಬಂದು ಸೀದಾ ಮುಂದಿನ ಬಾಗಲಕ್ಕ ನುಗ್ಗತೈತ್ರಿ, ಹನ್ನೆರಡು ವರ್ಷದ ರೂಢಿ. ನೀವು ಕಾಳಜಿ ಮಾಡಬ್ಯಾಡ್ರಿ, ನಕಾಶಿ ಬದಲ ಮಾಡಿಲ್ಲ. ನಾವ ಬದಲಾಗೇವಿ.”

ಮೊಣಕಾಲು

ಬಾಗೇವಾಡಿಗೆ ಹೋಗುವ ಹೊತ್ತಿಗೆ ನನ್ನ ಪಟ್ಟಿ ನಾಲ್ಕು ಹಾಳೆ ಆಗಿತ್ತು. ಹಿತ್ತಲಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬ ಮುದುಕರಿಗೆ ಎಲ್ಲವನ್ನೂ ಕೇಳಿದೆ. ನೆಲದೊಳಗೆ ಹಳೇ ಬಾವಿ, ಕಾಳು ತುಂಬಿಡುವ ಹಗೇವು ಏನಾದರೂ ಐತೇನ್ರಿ ಎಂದದ್ದಕ್ಕೆ, “ಏನೂ ಇಲ್ರಿ, ಏನೂ ಇಲ್ಲ” ಎಂದು ಎರಡು ಸಲ ಹೇಳಿ ಹೆಬ್ಬೆಟ್ಟು ಒತ್ತಿದರು.

ಆಗ ಜೋಳಕ್ಕೆ ಲೇವಿ ಇತ್ತು. ಮನೆ ಖರ್ಚಿಗೆ ಇಷ್ಟು ಎಂದು ಬಿಟ್ಟು ಉಳಿದದ್ದನ್ನು ಸರಕಾರಕ್ಕೆ ಅಳೆಯಬೇಕು. ಯಾರ ಹತ್ತಿರ ಎಷ್ಟಿದೆ ಎಂದು ಹುಡುಕುವವರು ತಲಾಠಿ. ಪಾಯ ತೆಗೆಯುವ ದಿನದ ಪೂಜೆಗೆ ಊರವರ ಜೊತೆ ಅವರೂ ಬಂದಿದ್ದರು, ನಮ್ಮ ಗುತ್ತಿಗೆದಾರರೂ ಬಂದಿದ್ದರು. ಗೌಂಡಿ ಸುಣ್ಣದ ಗೆರೆ ಎಳೆದು ಗುದ್ದಲಿ ಎತ್ತಿದ್ದೇ ತಡ, ಮುದುಕರು ಓಡಿ ಬಂದು ಗೆರೆಯ ಮೇಲೆಯೇ ಕಂಬಳಿ ಹಾಸಿ ಕುಳಿತುಬಿಟ್ಟರು.

“ಏಳ್ರಿ ಯಜಮಾನ್ರ, ಪಾಯಾ ತಗೀಬೇಕು,” ಎಂದೆ.

“ಮೊಣಕಾಲು ಹಿಡದಾವ. ಗೋಡಿ ಬೇಕಾದ್ರ ಅತ್ತಾಗ ಸರಸ್ರಿ.”

“ಹೆಬ್ಬೆಟ್ಟು ಒತ್ತೀರಿ. ಸರಸಾಕ ಬರೂದಿಲ್ಲ!” ನನಗೂ ಸಿಟ್ಟು ನೆತ್ತಿಗೇರಿತ್ತು. ತಲಾಠಿಯವರು ನಡುವೆ ಬಂದು, “ಹಿರೇರು, ಕುಂಡ್ರಲಿ ಬಿಡ್ರಿ” ಎಂದರು. ಗುತ್ತಿಗೆದಾರರು ನನ್ನನ್ನೇ ದುರುಗುಟ್ಟಿ ನೋಡುತ್ತ ಎದ್ದು ಬಂದು, ಭುಜ ಹಿಡಿದು ಬೇಲಿಯ ಹತ್ತಿರ ಎಳೆದುಕೊಂಡು ಹೋದರು. ನನ್ನ ಕೆಲಸ ಹೋಯಿತು, ಇನ್ನು ಮಾವನ ಮನೆಗೆ ಏನು ಹೇಳಲಿ ಎಂದು ಯೋಚಿಸತೊಡಗಿದೆ.

“ಗೋಡಿ ನಾಕು ಮೊಳ ಅತ್ತಾಗ ಸರಸು,” ಎಂದು ಪಿಸುಗುಟ್ಟಿದರು.

“ಹೆಬ್ಬೆಟ್ಟು ಆಗೇತ್ರಿ...”

“ಅದನ್ನ ಹರದ ಒಗಿ! ಆ ಮುದುಕ ಕುಂತಿದ್ದು ಹಗೇವಿನ ಬಾಯಿ ಮ್ಯಾಲ. ನನ್ನವು ಎಂಟು ಚೀಲ ಜೋಳ ಅದರಾಗ ಅದಾವ. ತಲಾಠಿಗೆ ಗೊತ್ತಾಗಬಾರದು.”

ನನಗೆ ಹೋದ ಜೀವ ಬಂದಂತಾಯಿತು. ಸುಣ್ಣ ಅಳಿಸಿ ನಾಲ್ಕು ಮೊಳ ಆಚೆ ಹೊಸ ಗೆರೆ ಎಳೆದೆ. ಮುದುಕರ ಮೊಣಕಾಲು ತಟ್ಟನೆ ನೆಟ್ಟಗಾದವು. ಪೂಜೆ ಮುಗಿದು ಜನ ಚದುರಿದರು. ತಲಾಠಿಯವರು ಸೈಕಲ್ಲು ಹತ್ತಿ ಹೊರಟವರು ನನ್ನ ಹತ್ತಿರ ಒಂದು ಕಾಲು ಊರಿ ನಿಂತು, ಸುತ್ತ ನೋಡಿ, ಮೆಲ್ಲಗೆ ಹೇಳಿದರು.

“ಗೋಡಿ ಸರಸಿದ್ದು ಭಾಳ ಛಲೋ ಆತ್ರಿ. ನನ್ನವೂ ಆರು ಚೀಲ ಅಲ್ಲೇ ಅದಾವ.”