ಎರಡು ಎಡತೋಳಿನ ವಿಮಾನ

ಹುಮನಾಬಾದಿನಲ್ಲಿ ಬ್ಲೌಸ್ ಹೊಲಿಯುವ ನನ್ನ ಅಂಗಡಿಯಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆದರೆ ನಾನು ವಿಮಾನ ಮಾಡಲು ಕೂತ ಮೇಲೆ ಆದಷ್ಟು ಹಿಂದೆಂದೂ ಆಗಿರಲಿಲ್ಲ.

ನಿಜವಾದ ವಿಮಾನವಲ್ಲ. ಫೋಮ್ ಹಾಳೆಯದು, ರಿಮೋಟಿನಿಂದ ಹಾರುವಂಥದ್ದು, ಮೇಲೊಂದು ಕೆಳಗೊಂದು ರೆಕ್ಕೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಪಟ್ಟಿ ಇರುತ್ತದಲ್ಲ, ಏಲರಾನ್ ಅಂತಾರೆ, ಅದು ಒಂದು ಬದಿಗೆ ಎದ್ದು ಇನ್ನೊಂದು ಬದಿಗೆ ಇಳಿದರೆ ವಿಮಾನ ವಾಲಿ ತಿರುಗುತ್ತದೆ. ಬೆರಳಗಲದ ಪಟ್ಟಿ ಇಡೀ ವಿಮಾನವನ್ನು ಹೇಗೆ ತಿರುಗಿಸುತ್ತದೆ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಹೆಂಡತಿ ಬೇಡ ಎಂದಳು. ಅವತ್ತೇ ಶುರು ಮಾಡಿದೆ.

ಕಟಿಂಗ್ ಮೇಜಿನ ತುಂಬ ರೆಕ್ಕೆ ಹರಡಿದಾಗ ಆಕೆ ಶರತ್ತು ಹಾಕಿದಳು. ಬರುವ ಭಾನುವಾರ ಹಾರದಿದ್ದರೆ ವಿಮಾನ ಅಟ್ಟಕ್ಕೆ, ಮೇಜು ಬ್ಲೌಸಿಗೆ.

ಹುಕ್ಕು

ಕೆಳಗಿನ ರೆಕ್ಕೆಯ ಪಟ್ಟಿಯನ್ನು ಒಂದು ಪುಟ್ಟ ಮೋಟಾರು ಎಳೆಯುತ್ತದೆ. ಮೇಲಿನದಕ್ಕೆ ಮೋಟಾರಿಲ್ಲ. ಎರಡಕ್ಕೂ ನಡುವೆ ಒಂದು ಕಡ್ಡಿ ಜೋಡಿಸಿದರೆ ಕೆಳಗಿನದು ಎದ್ದಾಗ ಮೇಲಿನದೂ ಏಳುತ್ತದೆ. ಕಡ್ಡಿಯೇನೋ ಸಿಕ್ಕಿತು, ಅದರ ತುದಿಯನ್ನು ಪಟ್ಟಿಗೆ ಸಿಕ್ಕಿಸುವುದು ಹೇಗೆ? ಬ್ಲೌಸಿನ ಹುಕ್ಕು ಹಾಕಿ ನೋಡಿದೆ, ಹೇಳಿ ಮಾಡಿಸಿದಂತೆ ಕೂತಿತು.

ಮರುದಿನ ರಾಜೇಶ್ವರದ ಗಿರಾಕಿಯೊಬ್ಬರು ಬಂದರು. ಮದುವೆಗೆ ಹೊಲಿಸಿದ ಬ್ಲೌಸಿಗೆ ಹುಕ್ಕೇ ಇಲ್ಲ ಎಂದು ಸಿಟ್ಟಾಗಿದ್ದರು. ನಾನು ವಿಮಾನ ತೋರಿಸಿ ರಿಮೋಟಿನ ಕಡ್ಡಿ ಒತ್ತಿದೆ. ಕೆಳಗಿನ ಪಟ್ಟಿ ಎದ್ದಿತು, ಅದರ ಜೊತೆಗೇ ಮೇಲಿನದೂ ಎದ್ದಿತು. ಆಕೆ ಇನ್ನೊಮ್ಮೆ ಮಾಡಿಸಿ ನೋಡಿದರು, ಬಗ್ಗಿ ತಮ್ಮ ಹುಕ್ಕುಗಳನ್ನು ಗುರುತಿಸಿದರು.

"ಚಂದ ಅದ ಬಿಡ್ರಿ ಮಾಸ್ತರ್. ಇದಕ್ಕ ಹಾಕಿದಂಗ ನನಗೂ ಹಾಕಿ ಕೊಡ್ರಿ, ನಾನೂ ಇದೂ ಇಬ್ಬರೂ ಮದಿವಿಗಿ ಹೋಗ್ತೇವಿ."

ತೋಳು

ಎಡ ಬಲ ಎರಡೂ ಬದಿಯ ಪಟ್ಟಿಗೆ ಮೋಟಾರು ಕೂಡಿಸಿ ರಿಮೋಟ್ ಒತ್ತಿದರೆ, ಒಂದು ಏಳಬೇಕು, ಒಂದು ಇಳಿಯಬೇಕು. ಎರಡೂ ಒಟ್ಟಿಗೆ ಎದ್ದವು. ಬಿಚ್ಚಿದೆ, ಹಾಕಿದೆ, ವೈರು ಬದಲಿಸಿದೆ. ಮತ್ತೆ ಒಟ್ಟಿಗೇ ಎದ್ದವು.

ಕಾಜಾ ಹಾಕುತ್ತ ಕೂತಿದ್ದ ಹೆಂಡತಿ ಕತ್ತು ಚಾಚಿ ನೋಡಿದಳು. "ಎರಡೂ ಎಡಗೈ ತೋಳು ಕತ್ತರಿಸೀರಿ" ಎಂದಳು.

ಹೌದು. ತೋಳು ಕತ್ತರಿಸುವಾಗ ಒಂದನ್ನು ಮಗುಚಿ ಇಡಬೇಕು, ಇಲ್ಲದಿದ್ದರೆ ಎರಡೂ ಒಂದೇ ಕೈಯದಾಗುತ್ತವೆ. ಇಷ್ಟು ವರ್ಷ ತೋಳು ಹೊಲಿದವನು ನಾನು, ಎರಡೂ ಮೋಟಾರನ್ನು ಒಂದೇ ಮುಖಕ್ಕೆ ಅಂಟಿಸಿದ್ದೆ. ನನಗೆ ನಾಚಿಕೆಯಾಯಿತು.

"ಬಲಗಡೀದು ತಿರುಗಿಸಿ ಹಚ್ಚರಿ" ಎಂದಳು. ಬ್ಲೌಸಿನ ಮಾತು ಬೇರೆ, ವಿಮಾನದ ವಿಷಯ ಈಕೆಗೇನು ಗೊತ್ತು? ನಾನು ಎಡಗಡೆಯದನ್ನು ತಿರುಗಿಸಿ ಅಂಟಿಸಿದೆ. ಒಂದು ಎದ್ದಿತು, ಒಂದು ಇಳಿಯಿತು.

"ನೋಡಿದೇನು?" ಎಂದೆ. ಆಕೆ ಮುಂದಿನ ಕಾಜಾ ಹಾಕಿದಳು.

ಹೊಲ

ಭಾನುವಾರ ಬಸವಕಲ್ಯಾಣಕ್ಕೆ ಹೋದೆವು. ನಾರಾಯಣಪುರದ ದಾರಿಯಲ್ಲಿ ಹೆಂಡತಿಯ ತಮ್ಮನ ಹೊಲ, ತೊಗರಿ ಕೊಯ್ದು ಬಯಲಾಗಿತ್ತು. ಎಡಬದಿಗೆ ಅವನ ಎಮ್ಮೆ ಕಟ್ಟಿತ್ತು.

ಅವನು ವಿಮಾನ ಎಸೆದ. ಹಾರಿತು. ಎಮ್ಮೆ ತಪ್ಪಿಸಲು ನಾನು ಬಲಕ್ಕೆ ಒತ್ತಿದೆ, ವಿಮಾನ ಎಡಕ್ಕೆ ವಾಲಿತು. ಇನ್ನೂ ಜೋರಾಗಿ ಬಲಕ್ಕೆ ಒತ್ತಿದೆ, ನೆಟ್ಟಗೆ ಎಮ್ಮೆಯ ಕಡೆಗೇ ಹೊರಟಿತು. "ಮಾಮಾ, ಬಲಕ್ಕ, ಬಲಕ್ಕ" ಎಂದು ಅವನು ಕೂಗುತ್ತಿದ್ದ. ಎಮ್ಮೆ ತಲೆ ಎತ್ತಿ ನೋಡಿತು, ಜರುಗಲಿಲ್ಲ. ವಿಮಾನ ಅದರ ಪಕ್ಕದ ತೊಗರಿಕಟ್ಟಿಗೆಯ ಗುಡ್ಡೆಗೆ ನುಗ್ಗಿತು.

ಮುರಿದಿರಲಿಲ್ಲ. ಆದರೂ ಅಟ್ಟ ನನ್ನ ಕಣ್ಣ ಮುಂದೆ ಬಂತು. ಎಡದ ಬದಲು ಬಲದ್ದನ್ನೇ ತಿರುಗಿಸಬೇಕಿತ್ತು ಎಂದು ಆಗ ಹೊಳೆಯಿತು.

ಹೆಂಡತಿ ರಿಮೋಟ್ ಕೇಳಿದಳು. ಹೇಗೂ ಅಟ್ಟಕ್ಕೆ ಹೋಗುವುದಲ್ಲವೇ ಎಂದು ಕೊಟ್ಟೆ, ಆಕೆಯ ತಮ್ಮ ಮತ್ತೆ ಎಸೆದ. ವಿಮಾನ ಎಮ್ಮೆಯನ್ನು ದಾಟಿತು, ಹೊಲದ ಮೇಲೆ ದೊಡ್ಡ ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿ ಆಕೆಯ ಮುಂದೆಯೇ ಮಣ್ಣಿನಲ್ಲಿ ಇಳಿಯಿತು. ನಾನು ಓಡಿ ಹೋಗಿ ವಿಮಾನ ಎತ್ತಿಕೊಂಡೆ. ಹ್ಯಾಂಗ ಹಾರಿಸಿದಿ ಎಂದು ಕೇಳಿದೆ.

"ಎಡಕ್ಕ ಹೋಗ್ಬೇಕಂದ್ರ ಬಲಕ್ಕ ಹೇಳಿದ್ನಿ. ನಿಮ್ಮ ಜೋಡಿ ಸಂಸಾರ ಮಾಡಿ ರೂಢಿ ಆಗೇದ್ರಿ."

ಮೇಜು ವಿಮಾನಕ್ಕೇ ಉಳಿಯಿತು, ನಾನು ನೆಲದ ಮೇಲೆ ಕೂತು ಹುಕ್ಕು ಹಚ್ಚುತ್ತೇನೆ. ಮೊನ್ನೆ ಆ ಮೋಟಾರುಗಳನ್ನು ಸರಿ ಮಾಡೋಣವೆಂದು ಬಿಚ್ಚಲು ಹೋದೆ. ಆಕೆ ಬಂದು ಕೈ ಹಿಡಿದಳು.

"ಮುಟ್ಟಬ್ಯಾಡ್ರಿ. ಹೇಳಿದಂಗ ಕೇಳೋದು ನನಗ ನಡಸ್ಲಿಕ್ಕ ಬರಂಗಿಲ್ಲ."