ಗಾಳಿಯವರಿಗೆ, ದೆಲ್ಫೀನಾಳ ಟೋಪಿಯ ವಿಚಾರವಾಗಿ

ತೂರಿನ್, ಜೂನ್ ೧೯೩೬

ಎಲ್ಲೆಲ್ಲೂ ಇರುವವರೂ ಯಾರ ಅಪ್ಪಣೆಗೂ ಕಾಯದವರೂ ಆದ ಗಾಳಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ವೇಗದ ಕಾರುಗಳ ಮೈ ರೂಪಿಸುವ ಕಾರ್ಖಾನೆಯೊಂದರ ಕೆಲಸಗಾರ ಎವಾಸಿಯೊ ಗರೀಲ್ಯೊ ಎಂಬ ಕುಳ್ಳನ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲದಿದ್ದರೆ ಇವತ್ತು ಬೆಳಿಗ್ಗೆ ನನ್ನ ಟೋಪಿಯನ್ನು ಅಷ್ಟು ಹುರುಪಿನಿಂದ ಪೋ ನದಿಗೆ ಎಸೆಯುತ್ತಿರಲಿಲ್ಲ.

ಎರಡು ವರ್ಷಗಳಿಂದ ನಾನು ತಮ್ಮ ಇಷ್ಟವನ್ನೇ ವೇದವಾಕ್ಯವೆಂದು ಪಾಲಿಸಿದ್ದೇನೆ. ತಮಗೆ ತಗುಲಬಾರದೆಂದು ದೀಪಗಳನ್ನು ಮೈಯೊಳಗೆ ಹುದುಗಿಸಿದೆ, ಹಿಂಭಾಗವನ್ನು ಮೀನಿನ ಬಾಲದಂತೆ ಎಳೆದೆ, ಕಿಟಕಿಗಳನ್ನು ತೆರೆಯದಂತೆ ಬಿಗಿದೆ, ಚಾವಣಿಯನ್ನು ಬೆರಳು ಬೆರಳಾಗಿ ಇಳಿಸುತ್ತ ಬಂದೆ. ಒಳಗೆ ಮನುಷ್ಯ ಹಿಡಿಯುತ್ತಾನೋ ಎಂದು ನೋಡಲು ಕಾರಿನ ಮರದ ಅಚ್ಚಿನೊಳಗೆ ಒಬ್ಬನನ್ನು ಕೂರಿಸುವುದು ನಮ್ಮಲ್ಲಿ ರೂಢಿ. ಪ್ರತಿ ಸಲವೂ ಕೂತವನು ನಾನೇ, ತಲೆಯ ಮೇಲೆ ಇನ್ನೂ ಬೇಕಾದಷ್ಟು ಜಾಗವಿದೆ ಎಂದು ಹೆಮ್ಮೆಯಿಂದ ಸಾರಿದವನೂ ನಾನೇ. ಇಡೀ ಕಾರ್ಖಾನೆಯಲ್ಲಿ ನನ್ನಷ್ಟು ಗಿಡ್ಡ ಇನ್ನೊಬ್ಬನಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ನನ್ನ ಹೆಂಡತಿ ದೆಲ್ಫೀನಾಳನ್ನು ನನ್ನ ಕೈಯಾರೆ ಮಾಡಿದ ಕಾರಿನಲ್ಲಿ ಸಮುದ್ರ ತೋರಿಸಲು ಕರೆದೊಯ್ಯುವೆನೆಂದು ಮದುವೆಯ ದಿನ ಮಾತು ಕೊಟ್ಟಿದ್ದೆ. ಹದಿನಾಲ್ಕು ವರ್ಷದ ಮೇಲೆ, ಕಳೆದ ತಿಂಗಳ ಒಂದು ಭಾನುವಾರ, ಪರೀಕ್ಷೆಯ ಓಟವೆಂಬ ನೆಪದಲ್ಲಿ ಮಾಲೀಕರು ಕಾರು ಕೊಟ್ಟರು. ದೆಲ್ಫೀನಾ ನನಗಿಂತ ಒಂದು ತಲೆ ಎತ್ತರ. ಇಷ್ಟು ವರ್ಷ ಕತ್ತೆತ್ತಿಯೇ ಅವಳ ಮುಖ ನೋಡಿದ ನಾನು ಅದನ್ನು ಹೇಗೆ ಮರೆತೆನೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಹೊಸ ಟೋಪಿಯನ್ನು ತೊಡೆಯ ಮೇಲಿಟ್ಟು, ಮಂಡಿಯನ್ನು ಗಲ್ಲಕ್ಕೆ ತಂದು, ಕತ್ತು ವಾಲಿಸಿ ಅವಳು ಕೂತಳು. ಚಾವಣಿಯ ಮೇಲೆಲ್ಲ ಅವಳದೇ ಬುಟ್ಟಿಯಿಂದ ಕದ್ದ ಕೆಂಪು ಉಣ್ಣೆಯ ಎಳೆಗಳನ್ನು ಅಂಟಿಸಿದ್ದೆ. ತಾವು ನೆಮ್ಮದಿಯಾಗಿ ಹರಿದರೆ ಅವು ಚಪ್ಪಟೆಯಾಗಿ ಮಲಗುತ್ತವೆ. ಅದನ್ನು ನೋಡಲು ನಮ್ಮವರಿಬ್ಬರು ಮೋಟಾರ್ ಸೈಕಲ್ಲಿನಲ್ಲಿ ಪಕ್ಕದಲ್ಲೇ ಬರುತ್ತಿದ್ದರು. ಎಳೆಗಳು ಮಲಗಿದ್ದವು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಅರ್ಧ ದಾರಿಯ ಚೇವಾ ಊರಿನಲ್ಲಿ ಅವಳು ನಿಲ್ಲಿಸಲು ಹೇಳಿ, ಬೆವರಿನಲ್ಲಿ ತೊಯ್ದು ಹೊರಬಂದಳು. "ಅಲ್ಲ ರೀ, ಉಣ್ಣೆ ಆರಾಮಾಗಿ ಮಲಗಿದ್ಯಾ ಅಂತ ನೋಡೋಕೆ ಇಬ್ಬರು ಗಂಡಸರು. ನಾನು ಹೇಗೆ ಕೂತಿದೀನಿ ಅಂತ ನೋಡೋಕೆ ಒಬ್ಬರೂ ಇಲ್ವಾ?" ಎಂದು ಕೇಳಿ, ಟೋಪಿ ಹಾಕಿಕೊಂಡು, ಸಮುದ್ರದ ಕಡೆಗೆ ಹೋಗುವ ರೈಲು ಹಿಡಿಯಲು ನಿಲ್ದಾಣಕ್ಕೆ ನಡೆದುಬಿಟ್ಟಳು.

ತಮ್ಮ ಕೃಪೆಯಿಂದ ನಾನು ಸಮುದ್ರದಂಡೆಯ ಸವೋನಾ ಪಟ್ಟಣವನ್ನು ದಾಖಲೆಯ ವೇಗದಲ್ಲಿ ತಲುಪಿದೆ. ಅವಳ ರೈಲು ಬಂದಾಗ ಅವಳು ಯಾರೋ ಕೊಟ್ಟ ಚೆರಿ ಹಣ್ಣು ತಿನ್ನುತ್ತ ನಗುನಗುತ್ತ ಇಳಿದಳು.

"ಬಂದು ಎಷ್ಟೊತ್ತಾಯ್ತು?"

"ಒಂದೂವರೆ ಗಂಟೆ," ಎಂದೆ, ಎದೆಯುಬ್ಬಿಸಿ.

"ಅಷ್ಟೊತ್ತು ಏನು ಮಾಡಿದ್ರಿ?"

"ನಿನ್ನನ್ನೇ ಕಾಯ್ತಾ ಇದ್ದೆ."

ಅವಳು ನಗಲಿಲ್ಲ. ನನಗೆ ನಾಚಿಕೆಯಾಯಿತು, ಮಾನ್ಯರೇ.

ಆದಕಾರಣ ತಮ್ಮಲ್ಲಿ ಅರಿಕೆ: ಇನ್ನು ಮುಂದೆ ದೆಲ್ಫೀನಾ ತಮಗಾಗಿ ತಲೆ ತಗ್ಗಿಸುವ ಬದಲು, ತಾವೇ ಅವಳ ಮುಂದೆ ಕೊಂಚ ಬಾಗಿ ನಡೆಯತಕ್ಕದ್ದು. ನಾನು ಹದಿನಾಲ್ಕು ವರ್ಷದಿಂದ ಬಾಗುತ್ತಿದ್ದೇನೆ, ಅಂಥ ಕಷ್ಟವೇನಿಲ್ಲ. ಚಾವಣಿಯನ್ನು ನಾಲ್ಕು ಬೆರಳು ಎತ್ತರಿಸಿದ್ದೇನೆ. ವೇಗದಲ್ಲಿ ಗಂಟೆಗೆ ಒಂಬತ್ತು ಕಿಲೋಮೀಟರ್ ಕಡಿಮೆಯಾಯಿತೆಂದು ಮುಖ ಊದಿಸಿಕೊಂಡಿದ್ದ ಮಾಲೀಕರು, ಗಿರಾಕಿಗಳಿಗೂ ಹೆಂಡತಿಯರಿದ್ದಾರೆಂದು ನೆನಪಿಸಿದ ಮೇಲೆ ಸುಮ್ಮನಾದರು. ಅಚ್ಚಿನೊಳಗೆ ಈ ಸಲ ಕೂತವಳು ದೆಲ್ಫೀನಾ, ಟೋಪಿ ಸಮೇತ.

ಇಂತು, ತಾವು ನೂಕಿದ ಕಡೆಗೆಲ್ಲ ಎರಡು ವರ್ಷ ಓಡಿದ
ತಮ್ಮ ವಿಶ್ವಾಸಿ,
ಎವಾಸಿಯೊ ಗರೀಲ್ಯೊ

ಮರೆತ ಮಾತು: ಬರುವ ಭಾನುವಾರ ಮತ್ತೆ ಸಮುದ್ರಕ್ಕೆ ಹೊರಟಿದ್ದೇವೆ, ಇಬ್ಬರೂ ಒಂದೇ ಹೊತ್ತಿಗೆ ತಲುಪುವ ಉದ್ದೇಶದಿಂದ. ಕಿಟಕಿ ಈಗ ತೆರೆಯುತ್ತದೆ. ತಮ್ಮ ಆಕ್ಷೇಪಣೆಯಿದ್ದರೆ ಆ ದಾರಿಯಲ್ಲೇ ಒಳಬಂದು ದೆಲ್ಫೀನಾಳಿಗೆ ನೇರವಾಗಿ ಸಲ್ಲಿಸಬಹುದು. ಅವಳು ಟೋಪಿಗೆ ಎರಡು ಪಿನ್ನು ಚುಚ್ಚಿಕೊಂಡು ಕಾಯುತ್ತಿರುತ್ತಾಳೆ.