ಆಮೇಲೆ ಓದಲು ಉಳಿಸಿಕೊಂಡ ಗುಂಡಿ

ಚರಂಡಿ ಹಾಗೂ ಮುಚ್ಚಳಗಳ ನಿರ್ದೇಶನಾಲಯ

ಸುತ್ತೋಲೆ ಸಂಖ್ಯೆ: ಚಮುನಿ/ಆಮೇಲೆ/ಅತಿ ತುರ್ತು/೭
ದಿನಾಂಕ: ನಿರ್ದೇಶಕರು ಮೇಲೆ ಬಂದ ಮರುದಿನ

ವಿಷಯ: ಜಾಲತಾಣದ ಬರಹಗಳನ್ನು ನೆಟ್ ಇಲ್ಲದಾಗ ಓದಲೆಂದು ಮೊಬೈಲ್ ಆ್ಯಪ್‌ನಲ್ಲಿ ಉಳಿಸಿಕೊಳ್ಳುವ ಸಿಬ್ಬಂದಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: (ಅ) ಹಿಂಬದಿ ರಸ್ತೆಯ ದರ್ಜಿಯವರು ಇಲಾಖೆಯ ಜಾಲತಾಣದಲ್ಲಿ ಸಲ್ಲಿಸಿದ ಅರ್ಜಿ.
(ಆ) ನಿರ್ದೇಶಕರು ಗುಂಡಿಯೊಳಗಿನಿಂದ ಏರುದನಿಯಲ್ಲಿ ನೀಡಿದ ಮೌಖಿಕ ಸೂಚನೆಗಳು (ಬರಹಕ್ಕಿಳಿಸಲು ಯೋಗ್ಯವಾದವು ಮಾತ್ರ).

ಈ ಕಚೇರಿಯಲ್ಲಿ ನೆಟ್‌ವರ್ಕ್ ಸಿಗುವುದು ನಿರ್ದೇಶಕರ ಕಿಟಕಿಯ ಬಳಿ ಮತ್ತು ಕೈತೊಳೆಯುವ ತೊಟ್ಟಿಯ ಬಳಿ ಮಾತ್ರ. ಬೆಳಗಾದರೆ ಸಿಬ್ಬಂದಿಯೆಲ್ಲ ತೊಟ್ಟಿಯ ಸುತ್ತ ಜಮಾಯಿಸಿ, ಕೈ ಒದ್ದೆ ಮಾಡಿಕೊಳ್ಳದೆ, ಸಿಕ್ಕಿದ್ದನ್ನೆಲ್ಲ ಆ್ಯಪ್‌ಗೆ ತುಂಬಿಕೊಂಡು ಹೋಗುತ್ತಿರುವುದು ಗಮನಕ್ಕೆ ಬಂದಿದೆ. ಓದುವವರು ಮಾತ್ರ ದೀಪ ಹಚ್ಚಿ ಹುಡುಕಿದರೂ ಸಿಕ್ಕಿಲ್ಲ. ಆದ್ದರಿಂದ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ಉಳಿಸಿಕೊಂಡದ್ದನ್ನು ಓದಿದ್ದೆಂದು ಭಾವಿಸತಕ್ಕದ್ದಲ್ಲ. ಟಪಾಲು ವಿಭಾಗದ ಹಿರಿಯ ಗುಮಾಸ್ತರು ‘ಆಲಸ್ಯ ಬಿಡುವ ಸುಲಭ ದಾರಿ’ ಎಂಬ ಲೇಖನವನ್ನು, ಫೋನು ಬದಲಾದರೂ ಬಿಡದೆ, ಹಳೆಯದರಿಂದ ಹೊಸದಕ್ಕೆ ಸಾಗಿಸುತ್ತ ಬಂದಿದ್ದಾರೆ. ಅದನ್ನು ಒಮ್ಮೆಯಾದರೂ ತೆರೆದು ನೋಡುವಂತೆ ಅವರಿಗೆ ತಾಕೀತು ಮಾಡಲಾಗಿದೆ. ಅವರು ಆ ತಾಕೀತನ್ನೂ ಉಳಿಸಿಕೊಂಡಿದ್ದಾರೆ.

೨. ಬೆನ್ನುನೋವಿನ ಲೇಖನಗಳನ್ನು ಕುಳಿತು ಓದಬಹುದು. ನಿದ್ರಾಹೀನತೆಯ ಲೇಖನಗಳನ್ನು ಕಚೇರಿ ವೇಳೆಯಲ್ಲಿ ಓದತಕ್ಕದ್ದಲ್ಲ. ಈ ಕಚೇರಿಯಲ್ಲಿ ಆ ಕಾಯಿಲೆ ಯಾರಿಗೂ ಇಲ್ಲವೆಂದು ಖಚಿತಪಟ್ಟಿದೆ.

೩. ಸಾರ್ವಜನಿಕರ ಅರ್ಜಿಗಳೂ ಜಾಲತಾಣದಲ್ಲೇ ಬರುವುದರಿಂದ, ಸಿಬ್ಬಂದಿಯು ಅವನ್ನೂ ಆ್ಯಪ್‌ನಲ್ಲಿ ಉಳಿಸಿಕೊಂಡು, ಉಳಿಸಿದ ಕೂಡಲೇ ‘ವಿಲೇವಾರಿಯಾಗಿದೆ’ ಎಂದು ನಮೂದಿಸುವ ಪದ್ಧತಿ ಬೆಳೆದುಬಂದಿದೆ. ಇದರಿಂದ ಇಲಾಖೆಗೆ ಉತ್ತಮ ಕಾರ್ಯನಿರ್ವಹಣೆಯ ಫಲಕವೂ ದೊರೆತಿದೆ. ಫಲಕವನ್ನು ಹಿಂದಿರುಗಿಸುವ ಪ್ರಸ್ತಾವ ಇರುವುದಿಲ್ಲ.

೪. ಉಲ್ಲೇಖ (ಅ)ರ ಅರ್ಜಿಯನ್ನೂ ಇದೇ ರೀತಿ ನಿರ್ದೇಶಕರ ಫೋನಿನಲ್ಲಿ ವಿಲೇವಾರಿ ಮಾಡಲಾಗಿತ್ತು. ಹೀಗಿರಲು, ನಿರ್ದೇಶಕರು ನಿನ್ನೆ ಹಿಂಬದಿ ರಸ್ತೆಯಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಕಣ್ಣನ್ನು ಫೋನಿಗೆ ನೆಟ್ಟು, ‘ಎಚ್ಚರದ ಬದುಕು’ ಎಂಬ ಲೇಖನವನ್ನು ಉಳಿಸಿಕೊಳ್ಳುತ್ತ ನಡೆದಿದ್ದರು. ಅಂಗಡಿಯೆದುರು ದರ್ಜಿಯ ತಾಯಿ ಎಂದಿನಂತೆ ಮೋಟು ಸ್ಟೂಲಿನ ಮೇಲೆ ಕುಳಿತಿದ್ದು, ಹೆಜ್ಜೆ ಸಪ್ಪಳ ಕೇಳಿದೊಡನೆ “ಅಯ್ಯೋ, ಈ ಕಡೆ ಬರಬೇಡ್ರಪ್ಪೋ, ಗುಂಡಿ ಇದೆ!” ಎಂದು ಕೂಗಿದ್ದು ಬೀದಿಯ ಆ ತುದಿಯ ಕ್ಷೌರಿಕನಿಗೂ ಕೇಳಿಸಿದೆ. ನಿರ್ದೇಶಕರಿಗೆ ಕೇಳಿಸಿಲ್ಲ. ತದನಂತರ ಅವರು ಒಳಗಿದ್ದರು.

೫. ಗುಂಡಿಯೊಳಗೆ ನೆಟ್‌ವರ್ಕ್ ಲವಲೇಶವೂ ಇಲ್ಲ. ಕರೆ ಹೋಗದೆ, ಬೇರೆ ಗತಿಯಿಲ್ಲದೆ, ನಿರ್ದೇಶಕರು ಆ್ಯಪ್ ತೆರೆದರು. ಮೊದಲಿಗೆ ಬಂದದ್ದು ದರ್ಜಿಯ ಅರ್ಜಿ. ಅದು ಹೀಗಿದೆ:

“ಸ್ವಾಮಿ, ನಮ್ಮ ಅಂಗಡಿ ಮುಂದಿನ ಚರಂಡಿ ಗುಂಡಿಗೆ ಮುಚ್ಚಳ ಇಲ್ಲ. ನಮ್ಮಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್‌ಗೆ ಬನ್ನಿ ಅಂತ ಆಸ್ಪತ್ರೆಯವರು ಕರೀತಾನೇ ಇದ್ದಾರೆ. ತಡ ಮಾಡಿದ್ರೆ ಕಣ್ಣೇ ಹೋಗುತ್ತೆ ಅಂದಿದ್ದಾರೆ. ಅಮ್ಮ ಮಾತ್ರ ಗುಂಡಿ ಬಿಟ್ಟು ಕದಲಲ್ಲ. ‘ನಾನೆದ್ದು ಹೋದ್ರೆ ಯಾರ ಮನೆ ಮಗು ಬೀಳುತ್ತೋ, ನೀನು ಮಿಷನ್ ತುಳೀತಾ ಕೂತಿರ್ತೀಯ’ ಅಂತ ನನಗೇ ಬೈತಾಳೆ. ಒಂದು ಮುಚ್ಚಳ ಹಾಕಿಸಿಕೊಡಿ ಸ್ವಾಮಿ. ನಿಮಗೆ ಕೈ ಮುಗೀತೀನಿ.”

ಅಧಿಕಾರಿಯೊಬ್ಬರು ಅರ್ಜಿಯೊಂದನ್ನು ಕೊನೆಯವರೆಗೂ ಓದಿದ್ದು ಈ ಇಲಾಖೆಯಲ್ಲಿ ಇದೇ ಮೊದಲು. ಅದೇ ಹೊತ್ತಿನಲ್ಲಿ ಸ್ಥಳ ಪರಿಶೀಲನೆಯೂ ನೆರವೇರಿದ್ದರಿಂದ, ನಿರ್ದೇಶಕರಿಗೆ ಪ್ರವಾಸ ಭತ್ಯೆ ಮಂಜೂರಾಗಿದೆ.

೬. ದರ್ಜಿಯವರು ಗಿರಾಕಿಯೊಬ್ಬರ ಪರದೆ ಬಟ್ಟೆಯನ್ನು ಇಳಿಬಿಟ್ಟು ನಿರ್ದೇಶಕರನ್ನು ಮೇಲೆಳೆದರು. ತಾಯಿಯವರು ಕೈಚಾಚಿ ಅವರ ತಲೆ ತಡವಿ, “ಪೆಟ್ಟಾಯ್ತೇನೋ ಮಗನೇ? ನನ್ನ ಕೂಗು ನಿನ್ನ ಕಿವಿಗೆ ಬೀಳಲಿಲ್ವಲ್ಲೋ” ಎಂದು ಪೇಚಾಡಿ, ಸೆರಗಿನಿಂದ ಮುಖದ ಕೆಸರು ಒರೆಸಿ, ನೀರು ಕುಡಿಸಿದರು. ಹಿರಿಯ ಅಧಿಕಾರಿಯನ್ನು ಏಕವಚನದಲ್ಲಿ ಸಂಬೋಧಿಸಿದ ಅಪರಾಧವನ್ನು ಈ ಬಾರಿಗೆ ಮನ್ನಿಸಲಾಗಿದೆ. ನಿರ್ದೇಶಕರು ಸ್ವಲ್ಪ ಹೊತ್ತು ಅತ್ತರೆಂಬ ವದಂತಿಯಲ್ಲಿ ಹುರುಳಿಲ್ಲ, ಅದು ಕೆಸರು.

೭. ನೆಟ್ ಇಲ್ಲದೆಡೆ ಓದು ಸಾಗುತ್ತದೆಂಬುದು ಮೇಲ್ಕಂಡ ಘಟನೆಯಿಂದ ಸಾಬೀತಾಗಿರುವುದರಿಂದ, ಸದರಿ ಗುಂಡಿಯನ್ನು ಇಲಾಖೆಯ ವಾಚನಾಲಯವೆಂದು ಘೋಷಿಸಲಾಗಿದೆ. ಓದು ಬಾಕಿ ಇರುವ ಸಿಬ್ಬಂದಿಯು ಸರದಿಯಂತೆ ಇಳಿಯತಕ್ಕದ್ದು. ವಾಚನಾಲಯಕ್ಕೆ ಮುಚ್ಚಳ ಹಾಕಿದಲ್ಲಿ ಬೆಳಕಿನ ಅಭಾವ ಉಂಟಾಗುವುದರಿಂದ, ಮುಚ್ಚಳದ ಬೇಡಿಕೆಯನ್ನು ಪರಿಗಣಿಸಲು ಅವಕಾಶ ಇರುವುದಿಲ್ಲ.

೮. ಆದರೆ ಇಲಾಖೆಯು ಕಲ್ಲೆದೆಯದಲ್ಲ. ದರ್ಜಿಯ ತಾಯಿಯವರು ಕಾವಲು ಕುಳಿತಂದಿನಿಂದ ನಿರ್ದೇಶಕರ ಹೊರತು ಬೇರಾರೂ ಬಿದ್ದಿಲ್ಲ. ಇಲಾಖೆಯ ಯಾವ ಕಬ್ಬಿಣದ ಮುಚ್ಚಳಕ್ಕೂ ಇಷ್ಟು ಒಳ್ಳೆಯ ದಾಖಲೆಯಿಲ್ಲ. ಅವು ಕೂಗುವುದೂ ಇಲ್ಲ. ಆದಕಾರಣ, ಮುಂದಿನ ಆದೇಶದವರೆಗೆ ಸದರಿ ತಾಯಿಯವರನ್ನೇ ಸದರಿ ಗುಂಡಿಯ ಮುಚ್ಚಳವೆಂದು ಪರಿಗಣಿಸಲಾಗಿದೆ. ಈ ಮೂಲಕ ಅರ್ಜಿಯು ಎರಡನೆಯ ಬಾರಿಗೆ ವಿಲೇವಾರಿಯಾಗಿದೆ.

೯. ಮುಚ್ಚಳವು ಆಪರೇಷನ್ನಿಗೆಂದು ಜಾಗ ಬಿಡಬಯಸಿದಲ್ಲಿ, ಬದಲಿ ಮುಚ್ಚಳವನ್ನು ತಾನೇ ಒದಗಿಸಿ, ಮುಂಚಿತವಾಗಿ ಜಾಲತಾಣದಲ್ಲಿ ಅನುಮತಿ ಕೋರತಕ್ಕದ್ದು. ಕೋರಿಕೆಯನ್ನು ಕೂಡಲೇ ಉಳಿಸಿಕೊಳ್ಳಲಾಗುವುದು.

೧೦. ಈ ಸುತ್ತೋಲೆಯನ್ನು ಆಮೇಲೆ ಓದಲೆಂದು ಯಾರೂ ಉಳಿಸಿಕೊಳ್ಳತಕ್ಕದ್ದಲ್ಲ. ಇದು ಹೊರಡುವ ಮುನ್ನವೇ ತೊಟ್ಟಿಯ ಬಳಿ ನೂಕುನುಗ್ಗಲು ಕಂಡುಬಂದಿದೆ.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರ ಬಲಗೈಗೆ ಪಟ್ಟಿ ಕಟ್ಟಿದೆ, ಎಡಗೈಯಲ್ಲಿ ಫೋನಿದೆ)

ಪ್ರತಿಗಳು:
– ಟಪಾಲು ವಿಭಾಗದ ಹಿರಿಯ ಗುಮಾಸ್ತರಿಗೆ, ಆಲಸ್ಯ ಬಿಟ್ಟ ನಂತರದ ಕ್ರಮಕ್ಕಾಗಿ.
– ಕ್ಷೌರಿಕನಿಗೆ, ಇನ್ನು ಮುಂದೆ ಕೂಗು ಕೇಳಿಸಿದಲ್ಲಿ ಕಚೇರಿಗೂ ಕೇಳಿಸುವಂತೆ ಮರುಕೂಗಲು.
– ಪರದೆ ಬಟ್ಟೆಯ ಗಿರಾಕಿಗೆ, ಬಟ್ಟೆ ಒಗೆದುಕೊಳ್ಳುವ ಕೋರಿಕೆಯೊಂದಿಗೆ.
– ದರ್ಜಿಯವರಿಗೆ, ಮೇಲಿನ ಒಂಬತ್ತನೆಯ ಅಂಶವನ್ನು ತಾಯಿಗೆ ಓದಿ ಹೇಳದಿರಲು.
– ಮುಚ್ಚಳಕ್ಕೆ (ದರ್ಜಿಯ ತಾಯಿ), ಕಣ್ಣು ಕಾಣುವಂತಾದಾಗ ಓದಿಕೊಳ್ಳಲು.